ಥರ್ಮೋಕೋಲ್‌ಗೆ ಬದಲಿ: ಬೆಳೆಯ ಕಸ, ಅಣಬೆಯ ಬೇರುಜಾಲ

ಟಿ.ವಿ., ಮಿಕ್ಸಿ ಡಬ್ಬಗಳಲ್ಲಿ ಬರುವ ಬಿಳಿಯ ಥರ್ಮೋಕೋಲ್ ಎಂದರೆ ಪಾಲಿಸ್ಟೈರೀನ್ ನೊರೆ. ಅದರ ಗಾತ್ರದಲ್ಲಿ ಶೇ. 95ಕ್ಕೂ ಹೆಚ್ಚು ಗಾಳಿಯೇ. ಹಗುರವಾದ್ದರಿಂದ ಮರುಬಳಕೆಗೆ ಸಾಗಿಸುವುದು ದುಬಾರಿ, ಮಣ್ಣಿನಲ್ಲಂತೂ ಕರಗದು.

ಇದಕ್ಕೆ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಸುಂದರವಾದ ಉತ್ತರ ಸಿಕ್ಕಿತು. ಎಬೆನ್ ಬೇಯರ್, ಗ್ಯಾವಿನ್ ಮೆಕಿಂಟೈರ್ 2007ರಲ್ಲಿ ಇಕೊವೇಟಿವ್ ಸಂಸ್ಥೆ ಕಟ್ಟಿದರು. ಗಾಂಜಾ ಜಾತಿಯ ಹೆಂಪ್ ಗಿಡದ ಕಾಂಡ, ಜೋಳದ ದಂಟಿನಂಥ ಬೆಳೆಯುಳಿಕೆಯನ್ನು ಶುದ್ಧಗೊಳಿಸಿ, ಅಣಬೆಯ ಎಳೆಗಳನ್ನು (ಮೈಸೀಲಿಯಂ) ಬೆರೆಸಿ ಅಚ್ಚಿಗೆ ತುಂಬುತ್ತಾರೆ. ಕೆಲವೇ ದಿನಗಳಲ್ಲಿ ಎಳೆಗಳು ಹಬ್ಬಿ, ಅಂಟಿನಂತೆ ಎಲ್ಲವನ್ನೂ ಬೆಸೆಯುತ್ತವೆ. ಕೊನೆಗೆ ಬಿಸಿಯಲ್ಲಿ ಒಣಗಿಸಿದರೆ ಬೆಳವಣಿಗೆ ನಿಲ್ಲುತ್ತದೆ. ಬಳಸಿದ ಮೇಲೆ ಮುರಿದು ತೋಟಕ್ಕೆ ಹಾಕಿದರೆ ಗೊಬ್ಬರ. ಡೆಲ್ ಕಂಪನಿ 2011ರಲ್ಲಿ ಸರ್ವರ್‌ಗಳ ಪ್ಯಾಕಿಂಗ್‌ಗೆ ಇದನ್ನು ಬಳಸಿತು.

ಜೋಳದ ಪಿಷ್ಟವನ್ನು ಉಬ್ಬಿಸಿದ ತುಂಡುಗಳು ಇನ್ನೊಂದು ದಾರಿ. ನೀರಿನಲ್ಲಿ ಕರಗುತ್ತವೆ, ಆದರೆ ತೇವ ತಾಳವು. ತಟ್ಟೆಯ ಮಟ್ಟಿಗೆ ನಮ್ಮ ಅಡಿಕೆ ಹಾಳೆ ಯಾವ ಯಂತ್ರವಿದ್ಯೆಗೂ ಕಡಿಮೆಯಲ್ಲ.

ನಿಷೇಧದ ವಿಷಯದಲ್ಲಿ ಹಲವರು ಎಡವುವುದು ಇಲ್ಲಿ: ಕರ್ನಾಟಕ ಮಾರ್ಚ್ 2016ರಲ್ಲೇ ಥರ್ಮೋಕೋಲ್ ತಟ್ಟೆ, ಲೋಟಗಳನ್ನು ನಿಷೇಧಿಸಿತು. ಕೇಂದ್ರದ ಏಕಬಳಕೆ ಪ್ಲಾಸ್ಟಿಕ್ ನಿಷೇಧ ಜಾರಿಯಾದದ್ದು 2022ರ ಜುಲೈ 1ರಂದು. ಅದರ ಪಟ್ಟಿಯಲ್ಲಿರುವುದು ಅಲಂಕಾರದ ಮತ್ತು ತಟ್ಟೆ, ಲೋಟಗಳ ಥರ್ಮೋಕೋಲ್, ಪ್ಯಾಕಿಂಗ್‌ನದಲ್ಲ.