ಈಜಿಪ್ಟ್ ನೋಟು ಸಂಗ್ರಹಕ್ಕೆ 7 ಸೂತ್ರಗಳು

ಈಜಿಪ್ಟಿನ ನೋಟಿಗೆ ಎರಡು ಲೋಕ. ಅರಬ್ಬಿ ಬರಹವಿರುವ ಕಡೆ ಮಸೀದಿ, ಇಂಗ್ಲಿಷ್ ಬರಹವಿರುವ ಕಡೆ ಪುರಾತನ ಈಜಿಪ್ಟಿನ ಶಿಲ್ಪ. ಇಂಥ ನೋಟು ಕೊಳ್ಳುವವರು ಹಲವರು, ಓದುವವರು ಕೆಲವರು. ಓದಿದವರ ಸಂಗ್ರಹಕ್ಕೇ ತೂಕ.

1. ಒಂದು ಸರಣಿ ಹಿಡಿಯಿರಿ.
ಸಿಕ್ಕಿದ್ದನ್ನೆಲ್ಲ ಕೊಳ್ಳಬೇಡಿ. 1 ಪೌಂಡಿನಲ್ಲಿ ಅಬು ಸಿಂಬೆಲ್, 50ರಲ್ಲಿ ಎಡ್ಫು ದೇವಾಲಯ, 100ರಲ್ಲಿ ಸ್ಫಿಂಕ್ಸ್, 200ರಲ್ಲಿ ಕುಳಿತ ಲಿಪಿಕಾರ. ಈ ನಾಲ್ಕರಿಂದ ಶುರು ಮಾಡಿ, ಉಳಿದವನ್ನು ಒಂದೊಂದಾಗಿ ಸೇರಿಸಿ.

2. ಎರಡೂ ಮುಖದ ಕಥೆ ತಿಳಿಯಿರಿ.
1 ಪೌಂಡ್ ನೋಟನ್ನೇ ನೋಡಿ. ಒಂದು ಕಡೆ 15ನೇ ಶತಮಾನದ ಸುಲ್ತಾನ್ ಕೈತ್‌ಬೇ ಕಟ್ಟಿಸಿದ ಮಸೀದಿ. ಇನ್ನೊಂದು ಕಡೆ ಎರಡನೇ ರಾಮ್ಸೆಸ್ ಬೆಟ್ಟ ಕೊರೆಸಿ ಮಾಡಿಸಿದ ಅಬು ಸಿಂಬೆಲ್. ಅಸ್ವಾನ್ ಅಣೆಕಟ್ಟಿನ ನೀರಲ್ಲಿ ಅದು ಮುಳುಗಬೇಕಿತ್ತು. ಯುನೆಸ್ಕೋ ಮುಂದಾಳತ್ವದಲ್ಲಿ 1964ರಿಂದ 1968ರವರೆಗೆ ದೇವಾಲಯವನ್ನು ತುಂಡುತುಂಡಾಗಿ ಕತ್ತರಿಸಿ, ಎತ್ತರದ ಜಾಗದಲ್ಲಿ ಮತ್ತೆ ಜೋಡಿಸಿದರು. ಇದು ಗೊತ್ತಿದ್ದರೆ ಅತಿ ಅಗ್ಗದ ನೋಟೂ ನಿಮ್ಮ ಆಲ್ಬಮ್ಮಿನ ಹೆಮ್ಮೆ.

3. ಅರಬ್ಬಿ ಅಂಕಿ ಕಲಿಯಿರಿ.
ಒಂದು ಸಂಜೆ ಸಾಕು. ಅಲ್ಲಿ ಐದು ನಮ್ಮ ಸೊನ್ನೆಯಂತೆ ಉರುಟು, ಸೊನ್ನೆ ಬರೀ ಚುಕ್ಕೆ. ಹಾಗಾಗಿ 50 ಎಂದರೆ ಒಂದು ಉಂಗುರ, ಅದರ ಬಲಕ್ಕೆ ಒಂದು ಚುಕ್ಕೆ. ಅಂಕಿ ಬಂದರೆ ಸೀರಿಯಲ್ ನಂಬರ್ ನೀವೇ ಓದುತ್ತೀರಿ, ಮಾರುವವನನ್ನು ಕೇಳಬೇಕಿಲ್ಲ.

4. ಸಹಿ ಗಮನಿಸಿ.
ಸೆಂಟ್ರಲ್ ಬ್ಯಾಂಕಿನ ಗವರ್ನರ್ ಬದಲಾದರೆ ನೋಟಿನ ಸಹಿಯೂ ಬದಲು. 2015ರಿಂದ 2022ರವರೆಗೆ ತಾರಿಕ್ ಆಮೆರ್, ನಂತರ ಹಸನ್ ಅಬ್ದುಲ್ಲಾ. ಒಂದೇ ಚಿತ್ರ, ಬೇರೆ ಸಹಿ ಎಂದರೆ ಸಂಗ್ರಹಕಾರರಿಗೆ ಅದು ಬೇರೆಯೇ ನೋಟು.

5. ಸ್ಥಿತಿ ನೋಡಿ ದುಡ್ಡು ಕೊಡಿ.
ಮಡಿಕೆ ಕಾಣದ, ಮೂಲೆ ಮೊನಚಾಗಿರುವ, ಚಲಾವಣೆಯನ್ನೇ ಕಾಣದ ನೋಟಿಗೆ ‘ಯುಎನ್‌ಸಿ’ ದರ್ಜೆ. ನೋಟನ್ನು ಓರೆಯಾಗಿ ಬೆಳಕಿಗೆ ಹಿಡಿಯಿರಿ, ನಡುವಿನ ಸಣ್ಣ ಮಡಿಕೆಯ ಗೆರೆಯೂ ಎದ್ದು ಕಾಣುತ್ತದೆ. ನೇರ ಬೆಳಕಿಗೆ ಹಿಡಿದರೆ ನೀರುಗುರುತು ಕಾಣಬೇಕು. 1 ಪೌಂಡಿನಲ್ಲಿ ಅದು ತುತನ್‌ಖಾಮುನ್‌ನ ಮುಖವಾಡ.

6. ತೊಳೆಯಬೇಡಿ, ಇಸ್ತ್ರಿ ಮಾಡಬೇಡಿ.
ಅಂಟು ಟೇಪಂತೂ ಬೇಡವೇ ಬೇಡ. ಚಂದ ಮಾಡಲು ಹೋದರೆ ಬೆಲೆ ಕಳೆಯುತ್ತೀರಿ. ಪಿವಿಸಿ ಇಲ್ಲದ ಪಾಲಿಯೆಸ್ಟರ್ ಕವರಿನಲ್ಲಿಡಿ. ಬಿಸಿಲು, ತೇವ ತಾಕದಿರಲಿ. ಮಳೆಗಾಲದಲ್ಲಿ ಆಲ್ಬಮ್ಮನ್ನು ಹೊರಗೋಡೆಗೆ ತಾಗಿದ ಕಪಾಟಿನಲ್ಲಿಡಬೇಡಿ.

7. ಕಾಗದದ ನೋಟನ್ನು ಈಗಲೇ ಹುಡುಕಿ.
ಈಜಿಪ್ಟ್ 2022ರಲ್ಲಿ 10 ಪೌಂಡಿನ, 2023ರಲ್ಲಿ 20 ಪೌಂಡಿನ ಪಾಲಿಮರ್ ನೋಟು ತಂದಿತು. ಅಲ್-ರಿಫಾಯಿ ಮಸೀದಿ ಮತ್ತು ದೊರೆ ಖಾಫ್ರೆ ಇರುವ 10ರ ಕಾಗದದ ನೋಟು ಕೈಯಿಂದ ಕೈಗೆ ಹೋಗಿ ಸವೆಯುತ್ತಿರುತ್ತದೆ, ಗರಿಗರಿಯಾದದ್ದು ಕಂಡಾಗ ಎತ್ತಿಡಿ. ಆದರೆ ನಾಳೆ ಬೆಲೆ ಏರುತ್ತದೆಂಬ ಆಸೆಗೆ ಕಟ್ಟುಗಟ್ಟಲೆ ಕೊಳ್ಳಬೇಡಿ. ಕೋಟಿಗಟ್ಟಲೆ ಅಚ್ಚಾದ ನೋಟು ಹಳತಾದ ಮಾತ್ರಕ್ಕೆ ಅಪರೂಪವಾಗದು.

ಪ್ರತಿ ನೋಟಿನ ಜೊತೆ ಒಂದು ಚೀಟಿ ಇಡಿ. ಎಲ್ಲಿ ಕೊಂಡಿರಿ, ಎಷ್ಟು ಕೊಟ್ಟಿರಿ, ಚಿತ್ರದಲ್ಲಿರುವುದು ಏನು, ಯಾರು ಕಟ್ಟಿಸಿದ್ದು ಎಂದು ಕನ್ನಡದಲ್ಲೇ ಬರೆಯಿರಿ. ಆಲ್ಬಮ್ ತೆರೆದ ಮನೆಯ ಮಕ್ಕಳು ನೀವಿಲ್ಲದಾಗಲೂ ಓದಿ ತಿಳಿಯುವಂತಿದ್ದರೆ ನಿಮ್ಮ ಸಂಗ್ರಹ ಗೆದ್ದಂತೆ.