ಹೋರಿಗರುವನ್ನು ಮಕ್ಕಳ ಕೈಗೆ ಕೊಟ್ಟು ನೋಡೋಣ

ಸೀಮೆಹಸು ಈದಾಗ ನಮ್ಮ ಮನೆಗಳಲ್ಲಿ ಕೇಳುವ ಮೊದಲ ಪ್ರಶ್ನೆ ‘ಹೆಣ್ಣೋ ಗಂಡೋ?’ ಎಂಬುದು. ಹೆಣ್ಣುಗರುವಾದರೆ ಗಿಣ್ಣುಹಾಲು, ಬೆಚ್ಚನೆಯ ಗೋಣಿತಾಟು, ಅಕ್ಕಪಕ್ಕದವರ ವಿಚಾರಣೆ. ಹೋರಿಗರುವಾದರೆ ಎಲ್ಲರ ಮುಖವೂ ಸಪ್ಪೆ. ಹಾಲೆಲ್ಲ ಡೇರಿಗೆ ಹೋಗುತ್ತದೆ, ಕರುವಿಗೆ ಕೆಚ್ಚಲಲ್ಲಿ ಉಳಿದ ನಾಲ್ಕು ಹನಿ. ತಿಂಗಳು ಕಳೆಯುವಷ್ಟರಲ್ಲಿ ಪಕ್ಕೆಲುಬು ಎಣಿಸುವಂತಾಗುತ್ತದೆ, ಒಂದು ದಿನ ಬೇಧಿ ಹತ್ತಿ ಸಾಯುತ್ತದೆ. ‘ಕರು ಸತ್ತಿತು’ ಎನ್ನುತ್ತೇವೆಯೇ ಹೊರತು ‘ಹಸಿವಿನಿಂದ ಕೊಂದೆವು’ ಎನ್ನುವುದಿಲ್ಲ. ನಮ್ಮ ಕೊಟ್ಟಿಗೆಯಲ್ಲಿಯೂ ಹೀಗಾಗಿದೆ. ಆದುದರಿಂದ ಇನ್ನೊಬ್ಬರ ಮೇಲೆ ಬೊಟ್ಟು ಮಾಡಿ ಬರೆಯುತ್ತಿಲ್ಲ.

ಅಮೇರಿಕ ದೇಶದಲ್ಲಿ ಇಂಥದೇ ಹೋರಿಗರುಗಳನ್ನು ಮಕ್ಕಳಿಗೆ ಒಪ್ಪಿಸುವ ಪದ್ಧತಿಯಿದೆ. 1902ರಲ್ಲಿ ಒಹಾಯೋ ರಾಜ್ಯದ ಸ್ಪ್ರಿಂಗ್‌ಫೀಲ್ಡಿನಲ್ಲಿ ಎ. ಬಿ. ಗ್ರಹಾಂ ಎಂಬ ಶಾಲಾ ಅಧಿಕಾರಿ ಹಳ್ಳಿ ಮಕ್ಕಳ ಸಂಘವೊಂದನ್ನು ಕಟ್ಟಿದರು. ಅಂಥ ಸಂಘಗಳೇ ಬೆಳೆದು ‘ಫೋರ್ ಎಚ್’ ಎಂಬ ಹೆಸರು ಪಡೆದವು. ತಲೆ, ಹೃದಯ, ಕೈ, ಆರೋಗ್ಯ ಎಂದು ಅದರ ಅರ್ಥ. ಶಾಲೆಗೆ ಹೋಗುವ ಹುಡುಗ ಹುಡುಗಿಯರು ಹಾಲಿನ ತಳಿಯ ಹೋರಿಗರುವೊಂದನ್ನು ತಂದು, ಬೀಜ ಒಡೆಸಿ, ತಾವೇ ಮೇಯಿಸಿ, ಹಗ್ಗ ಹಿಡಿದು ನಡೆಯಲು ಕಲಿಸಿ, ಜಿಲ್ಲೆಯ ಜಾತ್ರೆಯಲ್ಲಿ ಪ್ರದರ್ಶಿಸುತ್ತಾರೆ. ಪಶುವಿನ ಜೊತೆಗೆ ಮಗು ಬರೆದಿಟ್ಟ ಲೆಕ್ಕದ ಪುಸ್ತಕವನ್ನೂ ಅಲ್ಲಿ ನೋಡುತ್ತಾರೆ. ಅಲ್ಲಿ ಆ ಪಶು ಕೊನೆಗೆ ಮಾಂಸಕ್ಕೆ ಹರಾಜಾಗುತ್ತದೆ. ನಮ್ಮಲ್ಲಿ ಉಳುಮೆಗೋ ಗಾಡಿಗೋ ಹೋಗುತ್ತದೆ. ಆ ವ್ಯತ್ಯಾಸ ಬಿಟ್ಟರೆ ಕಲಿಯುವುದಕ್ಕೆ ಬೇಕಾದಷ್ಟಿದೆ.

ಜಾತ್ರೆಗೆ ನಮಗೇನು ಕೊರತೆ? ಜನವರಿಯಲ್ಲಿ ಎಮ್ಮಿಗನೂರಿನ ನೀಲಕಂಠೇಶ್ವರ ಜಾತ್ರೆಗೆ ದನಗಳು ಕೂಡುತ್ತವೆ. ಕಾರಹುಣ್ಣಿಮೆಗೆ, ತೆಲುಗಿನವರ ಏರುವಾಕಕ್ಕೆ, ಊರೂರಲ್ಲಿ ಎತ್ತುಗಳನ್ನು ಸಿಂಗರಿಸುತ್ತಾರೆ. 1953ರವರೆಗೆ ಆದೋನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲಿದ್ದವಲ್ಲವೇ. ನಮ್ಮ ಹಿರಿಯರು ಒಂಗೋಲು ಎತ್ತನ್ನೂ ಬಲ್ಲರು, ಹಳ್ಳಿಕಾರನ್ನೂ ಬಲ್ಲರು. ಒಂಗೋಲಿನ ಸಂತತಿಯೇ ಇಂದು ಬ್ರೆಜಿಲ್ ದೇಶದಲ್ಲಿ ನೆಲೋರ್ ಎಂಬ ಹೆಸರಿನಿಂದ ಹುಲುಸಾಗಿ ಬೆಳೆದಿದೆ. ಸೀಮೆಹೋರಿಗೆ ಆ ಗತ್ತು ಇಲ್ಲ, ಇಣಿ ಇಲ್ಲದ್ದರಿಂದ ನೊಗ ಜಾರುತ್ತದೆ, ನಮ್ಮ ಏಪ್ರಿಲ್-ಮೇ ಬಿಸಿಲಿಗೆ ಬಾಯಿ ತೆರೆದು ಏದುತ್ತದೆ, ನಿಜ. ಆದರೆ ಬೆಳಗ್ಗೆ ಸಂಜೆ ತಂಪು ಹೊತ್ತಿನಲ್ಲಿ ಗಾಡಿಯ ಕೆಲಸಕ್ಕೆ ಚೆನ್ನಾಗಿಯೇ ಬರುತ್ತದೆ. ಮೊದಲೇ ಬೇಡವೆಂದು ಕೈಬಿಟ್ಟ ಕರು ಯಾವುದಕ್ಕೂ ಬಾರದು.

ಕರುವಿನ ಭವಿಷ್ಯ ತೀರ್ಮಾನವಾಗುವುದು ಹುಟ್ಟಿದ ದಿನವೇ. ಗಿಣ್ಣುಹಾಲಿನಲ್ಲಿರುವ ರೋಗನಿರೋಧಕ ಶಕ್ತಿಯನ್ನು ಕರುವಿನ ಕರುಳು ಮೊದಲ ಕೆಲವು ಗಂಟೆ ಮಾತ್ರ ಹಾಗೆಯೇ ಹೀರಿಕೊಳ್ಳುತ್ತದೆ. 24 ಗಂಟೆ ಕಳೆದರೆ ಆ ಬಾಗಿಲು ಮುಚ್ಚಿದಂತೆಯೇ. ಆದುದರಿಂದ ಕಸ ಬೀಳುವುದನ್ನು ಕಾಯುತ್ತ ಕೂರಬಾರದು. ಎರಡು ಗಂಟೆಯೊಳಗೆ ಒಂದೂವರೆ ಲೀಟರಿನಷ್ಟು ಕುಡಿಸಿ, ಅದೇ ದಿನ ಮತ್ತಷ್ಟು ಕುಡಿಸಬೇಕು. ಹೊಕ್ಕುಳಿಗೆ ಟಿಂಕ್ಚರ್ ಅಯೋಡಿನ್ ಹಚ್ಚಬೇಕು. ಮುಂದೆ ಕರುವಿನ ತೂಕದ ಹತ್ತನೆಯ ಒಂದು ಭಾಗ ಹಾಲು, ಅಂದರೆ 25 ಕಿಲೋ ಕರುವಿಗೆ ದಿನಕ್ಕೆ ಎರಡೂವರೆ ಲೀಟರು. ‘ಅಷ್ಟು ಹಾಲಿನ ದುಡ್ಡು ಯಾರು ಕೊಡುತ್ತಾರೆ?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಹದಿನೈದನೆಯ ದಿನದಿಂದಲೇ ಕೈಯಲ್ಲಿ ಸ್ವಲ್ಪ ಸ್ವಲ್ಪ ಹಿಟ್ಟಿನ ಮಿಶ್ರಣ ನೆಕ್ಕಿಸುತ್ತ, ಎಳೆ ಹುಲ್ಲು ಮುಂದಿಡುತ್ತ ಬಂದರೆ ಮೂರನೆಯ ತಿಂಗಳಿಗೆ ಹಾಲು ಬಿಡಿಸಬಹುದು. ನೂರು ಕಿಲೋ ಮಿಶ್ರಣಕ್ಕೆ ನುಚ್ಚು ಮಾಡಿದ ಜೋಳ ಅಥವಾ ಮೆಕ್ಕೆಜೋಳ 50 ಕಿಲೋ, ಶೇಂಗಾ ಹಿಂಡಿ 30, ಗೋಧಿ ಬೂಸಾ 17, ಖನಿಜ ಮಿಶ್ರಣ 2, ಉಪ್ಪು 1. ಬೂಷ್ಟು ಹಿಡಿದ ಶೇಂಗಾ ಹಿಂಡಿಯನ್ನು ಒಣಗಿಸಿಯೂ ಹಾಕಬಾರದು. ಬೂಷ್ಟಿನ ವಿಷ ಬಿಸಿಲಿಗೆ ಹೋಗುವುದಿಲ್ಲ.

ಇಲ್ಲಿ ಆದೋನಿಯವರಿಗೆ ಒಂದು ಮಾತು ಒತ್ತಿ ಹೇಳಬೇಕಾಗಿದೆ. ನಮ್ಮದು ಹತ್ತಿಯ ಊರು, ಹತ್ತಿಕಾಳಿನ ಹಿಂಡಿ ಕೈಗೆಟಕುವಷ್ಟು ಹತ್ತಿರ. ಹಾಲು ಕರೆಯುವ ಹಸುವಿಗೆ ಅದು ಒಳ್ಳೆಯ ಮೇವು. ಆದರೆ ಹತ್ತಿಕಾಳಿನಲ್ಲಿ ಗಾಸಿಪಾಲ್ ಎಂಬ ವಿಷವಸ್ತುವಿದೆ. ದೊಡ್ಡ ದನದ ಹೊಟ್ಟೆ ಅದನ್ನು ತಡೆದುಕೊಳ್ಳುತ್ತದೆ, ಮೆಲುಕುಹೊಟ್ಟೆ ಇನ್ನೂ ಬೆಳೆಯದ ಎಳೆಗರು ತಡೆದುಕೊಳ್ಳಲಾರದು. ಒಂದು ವರ್ಷ ನಾವು ಎರಡು ತಿಂಗಳ ಕರುವಿಗೆ ‘ಮೈ ತುಂಬಲಿ’ ಎಂದು ದಿನವೂ ಇದೇ ಹಿಂಡಿ ತಿನ್ನಿಸಿದೆವು. ಕೆಲವು ವಾರ ಚೆನ್ನಾಗಿಯೇ ಇತ್ತು. ಆಮೇಲೆ ಮೇವು ಬಿಟ್ಟಿತು, ಉಸಿರಿಗೆ ಕಷ್ಟಪಟ್ಟಿತು, ಒಂದು ಬೆಳಗ್ಗೆ ನೋಡಿದರೆ ಗೊಂತಿನ ಬಳಿ ಮಲಗಿದ್ದಲ್ಲೇ ತಣ್ಣಗಾಗಿತ್ತು. ಪಶುವೈದ್ಯರು ಏನು ತಿನ್ನಿಸಿದಿರಿ ಎಂದು ಕೇಳಿದಾಗಲೇ ನಮಗೆ ತಿಳಿದದ್ದು. ಕರು ಚೆನ್ನಾಗಿ ಮೆಲುಕು ಹಾಕುವ ತನಕ, ಅಂದರೆ ಕನಿಷ್ಠ ನಾಲ್ಕು ತಿಂಗಳು, ಹತ್ತಿ ಹಿಂಡಿ ಬೇಡ. ಮಳೆ ಕೈಕೊಟ್ಟು ಕುಗ್ಗಿ ನಿಂತ ಜೋಳದ ಎಳೆಪೈರು, ಕೊಯ್ದ ಮೇಲೆ ಚಿಗುರಿದ ಕೂಳೆ, ಇವೂ ನಂಜೇ. ಗಂಟೆಯೊಳಗೆ ದೊಡ್ಡ ಎತ್ತನ್ನೂ ಉರುಳಿಸುತ್ತವೆ. ಹೂ ಬಿಟ್ಟ ಮೇಲೆ ಕೊಯ್ದ ಪೈರು, ಚೆನ್ನಾಗಿ ಒಣಗಿದ ಸೊಪ್ಪೆ, ಶೇಂಗಾ ಹೊಟ್ಟು ಧಾರಾಳವಾಗಿ ಹಾಕಬಹುದು.

ಈಗ ಮಕ್ಕಳ ಪಾಠ. ನಮ್ಮ ಧರ್ಮಕೇಂದ್ರದ ಏಳನೆಯ, ಎಂಟನೆಯ ತರಗತಿಯ ಮಕ್ಕಳು ತಕ್ಕಡಿಯಿಲ್ಲದೆ ಕರುವಿನ ತೂಕ ತಿಳಿಯಬಲ್ಲರು. ಬಟ್ಟೆ ಹೊಲಿಯುವವರ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಇಂಚಿನಲ್ಲಿ ತೆಗೆಯಿರಿ. ಭುಜದ ಮುಂತುದಿಯಿಂದ ಬಾಲದ ಬದಿಯ ಪುಟ್ಟೆಲುಬಿನವರೆಗೆ ಉದ್ದ ತೆಗೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 300ರಿಂದ ಭಾಗಿಸಿದರೆ ತೂಕ ಪೌಂಡಿನಲ್ಲಿ ಬರುತ್ತದೆ. ಸುತ್ತಳತೆ 48, ಉದ್ದ 40 ಇದ್ದರೆ 307 ಪೌಂಡು, 2.2ರಿಂದ ಭಾಗಿಸಿದರೆ ಸುಮಾರು 140 ಕಿಲೋ. ತಿಂಗಳಿಗೊಮ್ಮೆ, ಬೆಳಗ್ಗೆ ನೀರು ಕುಡಿಯುವ ಮೊದಲು ಅಳೆದು ನೋಟುಪುಸ್ತಕದಲ್ಲಿ ಬರೆಯಲಿ. ತಿಂಗಳಿಗೆ 12 ಕಿಲೋ ಏರಿದರೆ ದಿನಕ್ಕೆ 400 ಗ್ರಾಮು, ಸಂತೋಷದ ವಿಷಯ. ಏರದಿದ್ದರೆ ಹೊಟ್ಟೆಯಲ್ಲಿ ಜಂತು ಇರಬಹುದು, ಸಗಣಿ ಪರೀಕ್ಷೆ ಮಾಡಿಸಿ. ಹಿಂಡಿಗೆ ಕೊಟ್ಟ ದುಡ್ಡನ್ನೂ ಅದೇ ಪುಟದಲ್ಲಿ ಬರೆಯಲಿ. ಅಪ್ಪನ ಲೆಕ್ಕಕ್ಕಿಂತ ಮಗಳ ಲೆಕ್ಕ ನೇರವಾಗಿರುವುದನ್ನು ನಾವು ಕಂಡಿದ್ದೇವೆ!

ಮೂರು ತಿಂಗಳಿಂದಲೇ ಮೋರೆಗೆ ಮೆತ್ತನೆಯ ಹಗ್ಗ ಹಾಕಿ ದಿನಕ್ಕೆ ಕಾಲು ಗಂಟೆ ನಡೆಸಬೇಕು. ಕರು ನಿಂತರೆ ಎಳೆಯಬಾರದು, ಕಾಯಬೇಕು. ಎರಡು ಹೆಜ್ಜೆ ಇಟ್ಟರೆ ಹಗ್ಗ ಸಡಿಲಿಸಬೇಕು. ಮೈಯುಜ್ಜುವುದು, ಉಣ್ಣೆ ಕೀಳುವುದು, ಗೊರಸು ನೋಡುವುದು ಇವೆಲ್ಲ ಮಕ್ಕಳ ಕೆಲಸವೇ. ಬೀಜ ಒಡೆಸುವುದು ಮಾತ್ರ ಪಶುವೈದ್ಯರ ಕೆಲಸ. ಕಲ್ಲಿನಿಂದ ಜಜ್ಜುವ ಹಳೆಯ ಕ್ರಮವನ್ನು ಯಾರಾದರೂ ಇನ್ನೂ ಇಟ್ಟುಕೊಂಡಿದ್ದರೆ ದಯವಿಟ್ಟು ಬಿಡಿ. ನೋವು ತಿಳಿಯದಂತೆ ಮದ್ದು ಕೊಟ್ಟು, ಇಕ್ಕಳದಿಂದ ನರ ಹಿಸುಕಿದರೆ ಗಾಯವೂ ಇಲ್ಲ, ನೊಣವೂ ಇಲ್ಲ.

ಲಸಿಕೆಯ ವಿಷಯ ಸುಲಭ. ಕಾಲುಬಾಯಿ ರೋಗಕ್ಕೆ ಆರು ತಿಂಗಳಿಗೊಮ್ಮೆ, ಗಳಲೆ ಮತ್ತು ಚಪ್ಪೆರೋಗಕ್ಕೆ ಮಳೆಗಾಲದ ಮೊದಲು, ಚರ್ಮಗಂಟು ರೋಗಕ್ಕೆ ವರ್ಷಕ್ಕೊಮ್ಮೆ. 2022ರಲ್ಲಿ ಚರ್ಮಗಂಟು ದೇಶದಲ್ಲೆಲ್ಲ ಮಾಡಿದ ಹಾನಿಯನ್ನು ಮರೆತಿಲ್ಲವಷ್ಟೆ. ನೂರಾರು ದನ ಕೂಡುವ ಜಾತ್ರೆಗೆ ಹೊರಡುವ ಮೂರು ವಾರ ಮೊದಲೇ ಲಸಿಕೆ ಆಗಿರಬೇಕು, ಹಿಂದಿನ ದಿನ ಹಾಕಿಸಿದರೆ ಫಲವಿಲ್ಲ. ತಾಯಂದಿರೂ ಗಮನಿಸಲಿ: ಕರುವಿನ ಮುಖದಲ್ಲಿ ಕೂದಲುದುರಿ ಬೂದಿಬಣ್ಣದ ದುಂಡು ಕಲೆ ಎದ್ದರೆ ಅದು ಹುಳುಕಡ್ಡಿ, ತಬ್ಬಿಕೊಳ್ಳುವ ಮಗುವಿನ ಕೈಗೂ ಕತ್ತಿಗೂ ಹತ್ತುತ್ತದೆ. ಕರುವಿಗೆ ಬೇಧಿ ಇದ್ದಾಗ ಮಕ್ಕಳು ಸೋಪು ಹಚ್ಚಿ ಕೈ ತೊಳೆಯದೆ ಊಟಕ್ಕೆ ಕೂರಬಾರದು.

ಬಂಡೆ ಎಳೆಸುವ ಪಂದ್ಯದ ಬಗ್ಗೆ ನಮ್ಮನ್ನು ಕೇಳುವವರಿದ್ದಾರೆ. ನಮ್ಮ ಕಡೆ ಹಲ್ಲು ನೋಡಿ ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು ಎಂದು ವಿಭಾಗ ಮಾಡುತ್ತಾರೆ. ಮೊದಲ ಜೊತೆ ಹಲ್ಲು ಬೀಳುವುದೇ ಎರಡು ವರ್ಷದ ಆಜೂಬಾಜಿನಲ್ಲಿ. ಎಲುಬು ಗಟ್ಟಿಯಾಗದ ಹಾಲುಹಲ್ಲಿನ ಹೋರಿಗೆ ಬಂಡೆ ಕಟ್ಟುವುದು ನಮಗೆ ಒಪ್ಪಿಗೆಯಿಲ್ಲ. ಬಾಲ ಮುರಿಯುವುದು, ಸಾರಾಯಿ ಕುಡಿಸುವುದು, ಮುಳ್ಳುಕೋಲಿನಿಂದ ತಿವಿಯುವುದಂತೂ ಬೇಡವೇ ಬೇಡ. ಪಶುಹಿಂಸೆಯನ್ನು ತಡೆಯುವ ಕಾನೂನು 1960ರಿಂದಲೇ ಇದೆ. ಮಗು ಹಗ್ಗ ಹಿಡಿದು ಹೋರಿಯನ್ನು ಒಂದು ಸುತ್ತು ಶಾಂತವಾಗಿ ನಡೆಸಿ, ನಾಲ್ಕು ಕಾಲು ಸಮವಾಗಿ ನಿಲ್ಲಿಸಿ ತೋರಿಸಿದರೆ ಸಾಕು. ಊರಿನ ಹಿರಿಯ ರೈತರೊಬ್ಬರು, ಪಶುವೈದ್ಯರೊಬ್ಬರು ಬೆನ್ನು, ಕಾಲು, ಗೊರಸು, ಮೈಹೊಳಪು ನೋಡಿ, ಜೊತೆಗೆ ನೋಟುಪುಸ್ತಕವನ್ನೂ ನೋಡಿ ಅಂಕ ಕೊಡಲಿ. ಹುಡುಗಿಯರನ್ನು ಬಿಡಬೇಡಿ, ಕೊಟ್ಟಿಗೆಯ ಕೆಲಸ ಹೇಗಿದ್ದರೂ ಅವರದೇ ಆಗಿದೆ.

ಕೊನೆಗೆ ಹೋರಿಯನ್ನು ಮಾರಬೇಕಾಗುತ್ತದೆ ಎಂಬುದನ್ನು ಮಗುವಿಗೆ ಮೊದಲ ದಿನವೇ ಹೇಳಿರಿ. ಶಾಲೆಗೆ ಹೋದಾಗ ಕದ್ದು ಮಾರಿದರೆ ಆ ಮಗು ಮತ್ತೆ ಕೊಟ್ಟಿಗೆಗೆ ಕಾಲಿಡದು. ಬೆಲೆ ಆಡುವಾಗ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ, ಖರ್ಚು ಕಳೆದು ಉಳಿದದ್ದರಲ್ಲಿ ಒಂದು ಪಾಲು ಅದರ ಕೈಗೇ ಕೊಡಿ. ಹಗ್ಗ ಕೊಡುವಾಗ ಲಸಿಕೆಯ ಚೀಟಿಯನ್ನೂ ಕೊಟ್ಟು, ಈವರೆಗೆ ಯಾವ ಹಿಂಡಿ ಎಷ್ಟು ತಿನ್ನುತ್ತಿತ್ತೆಂದು ಕೊಂಡವರಿಗೆ ಮಗುವೇ ಹೇಳಲಿ. ಮೇವು ಒಮ್ಮೆಲೇ ಬದಲಾದರೆ ಹೊಟ್ಟೆಯುಬ್ಬರ ಬರುವುದುಂಟು. ಹಳೆಯ ಮೇವಿನ ಜೊತೆ ಹೊಸದನ್ನು ಸ್ವಲ್ಪ ಸ್ವಲ್ಪ ಸೇರಿಸುತ್ತ ಒಂದು ವಾರ ಹತ್ತು ದಿನದಲ್ಲಿ ಬದಲಾಯಿಸಬೇಕು.