ಮದ್ದಿನ ಮೇಲೆ ಹೊರಿಸಿದ ಅಪವಾದ

ಪ್ರಶ್ನೆ: ಸೈನಸ್ ಆಪರೇಷನ್ನಿಗೆಂದು ಮೂಗಿನೊಳಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟ ಕೂಡಲೆ ಎದೆ ಡವಡವನೆ ಹೊಡೆದುಕೊಂಡು ಕೈ ನಡುಗಿತು. ಅದು ಅಲರ್ಜಿಯೆಂದು ಮನೆಯವರೆಲ್ಲ ಹೇಳುತ್ತಾರೆ. ಇನ್ನು ಹಲ್ಲು ಕೀಳಿಸುವಾಗಲೂ ಆ ಇಂಜೆಕ್ಷನ್ ಬೇಡವೆನ್ನಲೆ?

ಉತ್ತರ: ಗಾಬರಿ ಬೇಡ. ಆದರೆ ಮೈಗೆ ಒಗ್ಗದ್ದನ್ನೆಲ್ಲ ಅಲರ್ಜಿಯೆಂದು ಕರೆದು, ಆ ಹಣೆಪಟ್ಟಿಯನ್ನು ಜೀವಮಾನಪರ್ಯಂತ ಕಟ್ಟಿಕೊಂಡು ತಿರುಗುವ ರೂಢಿಯನ್ನು ಕಂಡರೆ ನನಗೆ ಸಿಟ್ಟು ಬರುವುದೆಂಬುದನ್ನು ಮರೆಮಾಚಲಾರೆನು. ಸೈನಸ್ಸುಗಳ ಛಾವಣಿಯಾಚೆ ಮೆದುಳೂ ಪಕ್ಕದ ಗೋಡೆಯಾಚೆ ಕಣ್ಣೂ ಇದ್ದು, ನಡುವಣ ಎಲುಬು ಕಾಗದದಷ್ಟು ತೆಳುವಾಗಿರುವ ಆ ಸ್ಥಾನದಲ್ಲಿ, ಎಂಡೋಸ್ಕೋಪಿನ ಗಾಜಿಗೆ ತೊಟ್ಟು ರಕ್ತ ತಾಗಿದರೂ ಶಸ್ತ್ರವೈದ್ಯರಿಗೆ ದಾರಿ ಕಾಣದಂತಾಗುವುದರಿಂದ, ಲಿಗ್ನೊಕೇನಿನೊಡನೆ 80,000 ಭಾಗಕ್ಕೋ 2,00,000 ಭಾಗಕ್ಕೋ ಒಂದರಂತೆ ಅಡ್ರಿನಲಿನ್ ಬೆರೆಸಿ ಚುಚ್ಚಿ, ರಕ್ತನಾಳಗಳು ಸಂಕುಚಿತವಾಗಿ ಲೋಳೆಪೊರೆ ಬಿಳಿಚುವವರೆಗೆ ಹತ್ತು ನಿಮಿಷವಾದರೂ ಕಾಯುವರು. (ಇಂಜೆಕ್ಷನ್ ಕೊಟ್ಟು ಡಾಕ್ಟರು ಸುಮ್ಮನೆ ನಿಂತಿದ್ದರೆಂದು ದೂರುವವರು ಇದನ್ನು ಗಮನಿಸಬೇಕು.) ಆ ಸಂಕೋಚದ ಫಲವಾಗಿಯೇ ಅರಿವಳಿಕೆಯ ಮದ್ದೂ ಬೇಗನೆ ರಕ್ತಗತವಾಗದೆ ಹೆಚ್ಚು ಹೊತ್ತು ಕೆಲಸಮಾಡುತ್ತದೆ. ಲೇಶಮಾತ್ರ ಅಡ್ರಿನಲಿನ್ ರಕ್ತಕ್ಕೆ ಸೇರಿತೆಂದರೆ ಎದೆ ಬಡಿದುಕೊಳ್ಳುವುದೂ ಕೈ ನಡುಗುವುದೂ ಸಹಜ. ಕೆಲವು ನಿಮಿಷಗಳಲ್ಲಿ ತಾನಾಗಿಯೇ ಶಮನವಾಗುತ್ತದೆ. ನಮ್ಮ ಮೂತ್ರಪಿಂಡಗಳ ನೆತ್ತಿಯ ಗ್ರಂಥಿಗಳೇ ಸ್ರವಿಸುವ ರಸ, ಪ್ರಾಣಾಂತಿಕವಾದ ಅಲರ್ಜಿಗೆ ನಾವು ಮೊದಲು ಚುಚ್ಚುವ ಮದ್ದು, ಅದಕ್ಕೇ ಅಲರ್ಜಿಯ ಅಪವಾದವೆ! ಮೈಮೇಲೆ ದದ್ದು, ತುಟಿಯ ಊತ, ಉಬ್ಬಸ ಕಂಡಿದ್ದರೆ ಮಾತು ಬೇರೆ. ಆಗ ತಜ್ಞರಿಂದ ಪರೀಕ್ಷೆಯಾಗಲಿ.

ಆದರೂ ಇ.ಸಿ.ಜಿ., ರಕ್ತದೊತ್ತಡ, ಥೈರಾಯ್ಡ್ ಇವನ್ನು ನೋಡಿಸಿಕೊಂಡೇ ಹಲ್ಲಿನ ವೈದ್ಯರಲ್ಲಿಗೆ ಹೋಗಿ. ನಡೆದುದನ್ನು ಅವರಿಗೆ ತಿಳಿಸಿ. ಅರೆತಲೆನೋವಿಗೆಂದು ಪ್ರೊಪ್ರನೊಲಾಲ್ ನುಂಗುತ್ತಿದ್ದರೆ ಅದನ್ನಂತೂ ಮುಚ್ಚಿಡಬೇಡಿ, ಏಕೆಂದರೆ ಅದರೊಡನೆ ಅಡ್ರಿನಲಿನ್ ಸೇರಿದರೆ ರಕ್ತದೊತ್ತಡ ಥಟ್ಟನೆ ಏರಿ ನಾಡಿ ಕುಗ್ಗಬಹುದು.

ಪ್ರಶ್ನೆ: ತಂದೆಯವರಿಗೆ ಬಿ.ಪಿ. ಇದೆ, ಸ್ಟೆಂಟ್ ಹಾಕಿದ್ದಾರೆ. ಮೂಗಿನ ದುರ್ಮಾಂಸಕ್ಕೆ ಆಪರೇಷನ್ ಇದೆ. ರಕ್ತ ಹೆಚ್ಚು ಹೋಗದಿರಲೆಂದು ಆಸ್ಪಿರಿನ್ ನಾವೇ ನಿಲ್ಲಿಸಿದೆವು. ಸರಿಯೆ?

ಉತ್ತರ: ಸರಿಯಲ್ಲ, ಇಂದೇ ಅವರ ಹೃದಯವೈದ್ಯರನ್ನು ಕಾಣಿ. ನಿಲ್ಲಿಸುವುದೋ ಬೇಡವೋ, ನಿಲ್ಲಿಸಿದರೆ ಎಷ್ಟು ದಿನ ಎಂಬುದು ಅವರೂ ಮೂಗಿನ ವೈದ್ಯರೂ ಅರಿವಳಿಕೆಯ ವೈದ್ಯರೂ ಕೂಡಿ ನಿರ್ಣಯಿಸಬೇಕಾದ ವಿಷಯ. ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟುವುದರ ಮುಂದೆ ಮೂಗಿನ ರಕ್ತಸ್ರಾವ ಸಣ್ಣ ಮಾತು. ಬಿ.ಪಿ. ಹತೋಟಿಯಲ್ಲಿದ್ದರೆ, ಅಳತೆಯರಿತು ಅಡ್ರಿನಲಿನ್ ಕೊಡುವುದುಂಟು. ಇ.ಸಿ.ಜಿ., ಎಕೋ, ರಕ್ತಪರೀಕ್ಷೆ ಮಾಡಿಸಿ. ನುಂಗುವ ಮಾತ್ರೆಗಳ ಚೀಟಿಯನ್ನು, ನಾಟಿ ಪುಡಿಗಳ ಹೆಸರೂ ಸೇರಿದಂತೆ, ಬರೆದು ಒಯ್ಯಿರಿ.